ಡೊಮೈನ್ ಹೆಸರಿನ ನೋಂದಣಿ ಮತ್ತು ವೈಯಕ್ತಿಕ ವಿವರಗಳ ಸಂರಕ್ಷಣೆ

ಜಾಲತಾಣ ಆರಂಭಿಸುವವರು ಮೊದಲು ಅದರ ವಿಳಾಸವನ್ನು, ಅಂದರೆ ಡೊಮೈನ್ ಹೆಸರನ್ನು, ಮಾನ್ಯತೆ ಪಡೆದ ನೋಂದಣಿ ಸಂಸ್ಥೆಯ ಮೂಲಕ ನೋಂದಾಯಿಸಬೇಕಾಗುತ್ತದೆ. ಆಗ ನೋಂದಣಿದಾರರ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ ಹಾಗೂ ಇ-ಮೇಲ್ ವಿಳಾಸಗಳನ್ನು ಪಡೆಯಲಾಗುತ್ತದೆ. ಈ ವಿವರಗಳನ್ನು ಯಾರು ನೋಡಬಹುದೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಹಿಂದಿನ ವ್ಯವಸ್ಥೆ

ಈ ವಿವರಗಳನ್ನು ಹುಡುಕುವ ವ್ಯವಸ್ಥೆಗೆ 'ಹೂ ಈಸ್' ಎಂದು ಹೆಸರು. ಇದರ ವಿಧಾನವನ್ನು 1982ರಲ್ಲಿ ನಿಗದಿಪಡಿಸಿದಾಗ ಜಾಲದ ಬಳಕೆದಾರರು ಕೆಲವರೇ ಇದ್ದರು. ಪರಸ್ಪರ ಸಂಪರ್ಕಕ್ಕೆ ಅದು ಅನುಕೂಲವಾಗಿತ್ತು. ಅಂತರಜಾಲವು ಜನಸಾಮಾನ್ಯರಿಗೆ ತಲುಪಿದ ನಂತರ, ಮನೆಯಿಂದಲೇ ವ್ಯಾಪಾರ ನಡೆಸುವವರ ಮನೆಯ ವಿಳಾಸವೂ ಅಪರಿಚಿತರಿಗೆ ದೊರೆಯುವಂತಾಯಿತು. ಅನಪೇಕ್ಷಿತ ಕರೆ, ವಂಚನೆ ಮತ್ತು ಕಿರುಕುಳಗಳಿಗೆ ಇದು ಅವಕಾಶ ನೀಡಿತು.

ಕಾನೂನಿನಿಂದಾದ ಬದಲಾವಣೆ

ಐರೋಪ್ಯ ಒಕ್ಕೂಟದ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿಯು 25 ಮೇ 2018ರಿಂದ ಅನ್ವಯವಾಯಿತು. ಅದಕ್ಕೆ ಅನುಗುಣವಾಗಿ, ಡೊಮೈನ್ ವ್ಯವಸ್ಥೆಯನ್ನು ಸಮನ್ವಯಗೊಳಿಸುವ ಐಕ್ಯಾನ್ ಸಂಸ್ಥೆಯು ತಾತ್ಕಾಲಿಕ ನಿಯಮಗಳನ್ನು ರೂಪಿಸಿತು. ಅದೇ ತಿಂಗಳು ಜರ್ಮನಿಯ ಬಾನ್ ನಗರದ ನ್ಯಾಯಾಲಯವು, ನೋಂದಣಿದಾರರ ವಿವರಗಳ ಜೊತೆಗೆ ಆಡಳಿತ ಹಾಗೂ ತಾಂತ್ರಿಕ ಸಂಪರ್ಕದ ವಿವರಗಳನ್ನೂ ಸಂಗ್ರಹಿಸುವಂತೆ ಅಲ್ಲಿನ ನೋಂದಣಿ ಸಂಸ್ಥೆಗೆ ಆದೇಶಿಸಲು ನಿರಾಕರಿಸಿತು. ಅಗತ್ಯಕ್ಕಿಂತ ಹೆಚ್ಚಿನ ಮಾಹಿತಿಯನ್ನು ಪಡೆಯಬಾರದೆಂಬುದೇ ಇದರ ತಿರುಳು.

ಡಾಟ್ ಕಾಂ ಮುಂತಾದ ಡೊಮೈನ್‌ಗಳಲ್ಲಿ ವ್ಯಕ್ತಿಯ ಹೆಸರು, ದೂರವಾಣಿ ಮತ್ತು ಬೀದಿಯ ವಿಳಾಸಗಳನ್ನು ಈಗ ಸಾಮಾನ್ಯವಾಗಿ ಮರೆಮಾಡಲಾಗುತ್ತದೆ. ರಾಜ್ಯ ಹಾಗೂ ದೇಶದ ಹೆಸರುಗಳು ಕಾಣುತ್ತವೆ. ಆದರೆ ಮರೆಮಾಡಿದ ವಿವರಗಳು ಅಳಿಸಿಹೋಗುವುದಿಲ್ಲ. ನಕಲಿ ಜಾಲತಾಣದಿಂದ ನಷ್ಟ ಹೊಂದಿದವರು ಹಾಗೂ ತನಿಖಾಧಿಕಾರಿಗಳು ಸಕಾರಣ ನೀಡಿ ನೋಂದಣಿ ಸಂಸ್ಥೆಗೆ ಕೋರಿಕೆ ಸಲ್ಲಿಸಬಹುದು. ಸಂಸ್ಥೆಯು ಅದನ್ನು ಪರಿಶೀಲಿಸಿ ನಿರ್ಧರಿಸುತ್ತದೆ.

ಭಾರತದಲ್ಲಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು 2023ರಲ್ಲಿ ಅಂಗೀಕರಿಸಲಾಯಿತು. ಅದರ ನಿಯಮಗಳನ್ನು ನವೆಂಬರ್ 2025ರಲ್ಲಿ ಅಧಿಸೂಚಿಸಲಾಗಿದ್ದು, ಹಂತಹಂತವಾಗಿ ಜಾರಿಗೊಳಿಸಲು ಅವಕಾಶ ಕಲ್ಪಿಸಲಾಗಿದೆ. ವ್ಯಕ್ತಿಯು ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೆ ಈ ಅಧಿನಿಯಮವು ಅನ್ವಯಿಸುವುದಿಲ್ಲ.

ನೋಂದಣಿದಾರರು ಗಮನಿಸಬೇಕಾದ ಅಂಶಗಳು

1. ಗೋಪ್ಯತೆಗಾಗಿ ಸುಳ್ಳು ವಿವರ ನೀಡಬಾರದು. ಐಕ್ಯಾನ್ ಒಪ್ಪಂದದ ಪ್ರಕಾರ, ಉದ್ದೇಶಪೂರ್ವಕವಾಗಿ ತಪ್ಪು ವಿವರ ನೀಡಿದಲ್ಲಿ ಅಥವಾ ವಿವರಗಳ ನಿಖರತೆಯ ಕುರಿತು ನೋಂದಣಿ ಸಂಸ್ಥೆ ಕೇಳಿದ ಪ್ರಶ್ನೆಗೆ 15 ದಿನಗಳು ಮೀರಿದರೂ ಉತ್ತರಿಸದಿದ್ದಲ್ಲಿ ನೋಂದಣಿಯು ಅಮಾನತುಗೊಳ್ಳಬಹುದು ಅಥವಾ ರದ್ದಾಗಬಹುದು.

2. ಯಾವ ವಿವರಗಳು ಪ್ರಕಟವಾಗುತ್ತವೆ ಎಂಬುದನ್ನು ನೋಂದಣಿಗೆ ಮುನ್ನವೇ ಕೇಳಿ ತಿಳಿಯತಕ್ಕದ್ದು. ಎಲ್ಲಾ ಡೊಮೈನ್‌ಗಳಿಗೂ ಒಂದೇ ನಿಯಮವಿರುವುದಿಲ್ಲ.

3. ವ್ಯವಹಾರಕ್ಕೆ ಪ್ರತ್ಯೇಕ ಇ-ಮೇಲ್ ವಿಳಾಸವನ್ನು ಬಳಸುವುದು ಸೂಕ್ತ.

4. ವಿಳಾಸ ಅಥವಾ ದೂರವಾಣಿ ಸಂಖ್ಯೆ ಬದಲಾದಲ್ಲಿ ಕೂಡಲೇ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.