ಹೊಡೆದರೂ ಅವನ ಹಿಂದೆಯೇ ಯಾಕೆ ಹೋಗುತ್ತಾಳೆ?

ಹದಿನೈದರಿಂದ ಹತ್ತೊಂಬತ್ತರ ಒಳಗೆ ಗಂಡನನ್ನೋ ಗೆಳೆಯನನ್ನೋ ಹೊಂದಿದ್ದ ಹುಡುಗಿಯರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬಳು ಅವನಿಂದ ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ ಉಂಡಿರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 154 ದೇಶಗಳ ಮಾಹಿತಿ ಕಲೆಹಾಕಿ 2024ರ ಜುಲೈನಲ್ಲಿ ಕೊಟ್ಟ ಲೆಕ್ಕ ಇದು. ತಲೆ ಎಣಿಸಿದರೆ ಸುಮಾರು 1.9 ಕೋಟಿ ಹುಡುಗಿಯರು. ಇದನ್ನು ಕೇಳಿದ ದೊಡ್ಡವರ ಬಾಯಲ್ಲಿ ಮೊದಲು ಬರುವ ಮಾತು: ‘ಅಷ್ಟಾದರೂ ಅವನ ಹಿಂದೆಯೇ ಯಾಕೆ ಹೋಗ್ತಾಳೆ?’

ಉತ್ತರದ ಅರ್ಧ ಮಿದುಳಿನಲ್ಲಿದೆ, ಇನ್ನರ್ಧ ನಮ್ಮ ಮನೆಯಲ್ಲಿದೆ. ನನಗೆ ಹೆಚ್ಚು ಭಯವಿರುವುದು ಎರಡನೆಯದರ ಬಗ್ಗೆ.

ಮೊದಲ ದಿನವೇ ಯಾರೂ ಕೈ ಎತ್ತುವುದಿಲ್ಲ. ‘ಊಟ ಆಯ್ತಾ’ ಎಂಬಲ್ಲಿಂದ ಶುರು. ಆಮೇಲೆ ‘ಎಲ್ಲಿದ್ದೀಯ, ಲೊಕೇಶನ್ ಕಳಿಸು’. ಆಮೇಲೆ ‘ಅವನ ಹತ್ತಿರ ಏನು ಮಾತು’. ಆಮೇಲೆ ಇನ್‌ಸ್ಟಾಗ್ರಾಂ ಪಾಸ್‌ವರ್ಡ್. ಹದಿನಾರರ ಹುಡುಗಿಗೆ ಹೋಲಿಸಿ ನೋಡಲು ಇನ್ನೊಂದು ಪ್ರೀತಿಯ ಅನುಭವವಿಲ್ಲ. ಗೆಳತಿಯರೂ ‘ನಿನ್ನ ಮೇಲೆ ಎಷ್ಟು ಪೊಸೆಸಿವ್ ನೋಡೇ’ ಎನ್ನುತ್ತಾರೆ. ಕೆನ್ನೆಗೆ ಏಟು ಬಿದ್ದ ಮರುದಿನ ಅವನೇ ಅಳುತ್ತಾನೆ, ಕಾಲು ಹಿಡಿಯುತ್ತಾನೆ, ‘ಬಿಟ್ಟು ಹೋದರೆ ಕೈ ಕೊಯ್ದುಕೊಳ್ತೀನಿ’ ಎನ್ನುತ್ತಾನೆ. ಬಿಗುವು ಏರುವುದು, ಸಿಡಿಯುವುದು, ಮತ್ತೆ ಮುದ್ದು ಮಾಡುವುದು. ಅಮೆರಿಕದ ಮನೋವಿಜ್ಞಾನಿ ಲೆನೋರ್ ವಾಕರ್ 1979ರಲ್ಲೇ ಈ ಚಕ್ರವನ್ನು ವಿವರಿಸಿದ್ದರು.

ಈ ಮುದ್ದೇ ಗಂಟನ್ನು ಬಿಗಿಯುತ್ತದೆ. ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೆನೆಯಿರಿ. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಕಾಳು ಕಂಡ ಹಕ್ಕಿ ಮಾತ್ರ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಡಟನ್ ಮತ್ತು ಪೇಂಟರ್ 1981ರಲ್ಲಿ ಇಂಥ ನಂಟನ್ನು ‘ಆಘಾತದ ಬೆಸುಗೆ’ ಎಂದು ಕರೆದರು. ಹಿಂಸೆಯ ಸಂಬಂಧದಿಂದ ಹೊರಬಂದಿದ್ದ 75 ಹೆಂಗಸರನ್ನು ಅವರು ಮುಂದೆ ಅಧ್ಯಯನ ಮಾಡಿದಾಗ, ಆರು ತಿಂಗಳಾದರೂ ಆ ಸೆಳೆತ ಪೂರ್ತಿ ಆರಿರಲಿಲ್ಲ. ಅವರೆಲ್ಲ ವಯಸ್ಕರು. ದುಡುಕನ್ನು ಹಿಡಿದು ನಿಲ್ಲಿಸುವ ಮುಂಮಿದುಳು ಮಾಗುವುದು ಇಪ್ಪತ್ತು ದಾಟಿ ಕೆಲ ವರ್ಷಗಳ ಮೇಲೆ. ಹಾಗಿರುವಾಗ ಪಿಯುಸಿ ಹುಡುಗಿಯಿಂದ ನಾವು ಏನನ್ನು ನಿರೀಕ್ಷಿಸುತ್ತಿದ್ದೇವೆ?

ಇನ್ನು ಮನೆ. ಹುಡುಗಿಯರು ಹೇಳುವ ಮಾತು ಒಂದೇ: ‘ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ.’ ಮೊದಲು ಮೊಬೈಲ್ ಹೋಗುತ್ತದೆ, ಆಮೇಲೆ ಕಾಲೇಜು, ಆಮೇಲೆ ಗಂಡು ನೋಡಲು ಶುರು. ಇದು ಬರೀ ಕಲ್ಪನೆಯ ಭಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20–24 ವಯಸ್ಸಿನ ಹೆಂಗಸರಲ್ಲಿ ಶೇ 21.3ರಷ್ಟು ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂಸಿಸುವವನಿಗೂ ಇದು ಚೆನ್ನಾಗಿ ಗೊತ್ತು. ‘ನಿಮ್ಮಪ್ಪನಿಗೆ ಫೋಟೊ ಕಳಿಸ್ತೀನಿ’ ಎಂಬ ಬೆದರಿಕೆಯ ಬಲವೆಲ್ಲ ಆ ಅಪ್ಪನ ಸಿಟ್ಟಿನಲ್ಲಿದೆ. ನಾವು ಮಗಳನ್ನು ಕಾಯಲೆಂದು ಹಾಕಿದ ಬೀಗದ ಕೀಲಿ ಅವನ ಜೇಬಿನಲ್ಲಿರುತ್ತದೆ.

ಕಾನೂನಿನ ಬಾಗಿಲೂ ಅವಳಿಗೆ ಸಲೀಸಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಒಂದೇ ಮನೆಯಲ್ಲಿ ಬಾಳಿದವರಿಗೆ ಅನ್ವಯಿಸುತ್ತದೆ. 2012ರ ಪೋಕ್ಸೊ ಕಾಯ್ದೆಯಡಿ, 18 ತುಂಬದವರ ಮೇಲಿನ ಲೈಂಗಿಕ ಅಪರಾಧ ತಿಳಿದವರು ಅದನ್ನು ವರದಿ ಮಾಡಲೇಬೇಕು. ಮಕ್ಕಳ ರಕ್ಷಣೆಗೆಂದೇ ಇರುವ ಈ ನಿಯಮ, ಅದರ ಅರಿವಿರುವ ಹುಡುಗಿ ಡಾಕ್ಟರ ಮುಂದೆಯೂ ಬಾಯಿ ಬಿಡಲು ಹಿಂಜರಿಯುವಂತೆ ಮಾಡಬಲ್ಲದು.

ಹೀಗೆ ಮುಚ್ಚಿಟ್ಟದ್ದು ತಾನಾಗಿ ಮಾಯುವುದಿಲ್ಲ. ಅಮೆರಿಕದಲ್ಲಿ 5,681 ಹದಿಹರೆಯದವರನ್ನು ಐದು ವರ್ಷಗಳ ಬಳಿಕ ಮತ್ತೆ ಮಾತಾಡಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಪ್ರೇಮ ಸಂಬಂಧದಲ್ಲಿ ಹಿಂಸೆ ಉಂಡಿದ್ದ ಹುಡುಗಿಯರಲ್ಲಿ ಖಿನ್ನತೆ, ಮಿತಿಮೀರಿದ ಕುಡಿತ, ಸಾಯುವ ಯೋಚನೆ ಹೆಚ್ಚಿದ್ದವು. ಹಿಂಸೆ ಉಂಡ ಹುಡುಗರೂ ಇದ್ದರು, ಅವರಲ್ಲೂ ಸಾಯುವ ಯೋಚನೆ ಹೆಚ್ಚಿತ್ತು. ದೊಡ್ಡವರಾದ ಮೇಲೂ ಸಂಗಾತಿಯಿಂದ ಪೆಟ್ಟು ತಿನ್ನುವ ಸಾಧ್ಯತೆ ಇಬ್ಬರಲ್ಲೂ ಏರಿತ್ತು. ನಮ್ಮ ರಾಜ್ಯದಲ್ಲಿ ಗಂಡನಿಂದ ಹಿಂಸೆ ಕಂಡೆವೆಂದ ಹೆಂಗಸರ ಪ್ರಮಾಣ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಹಿಂದಿನ ಸುತ್ತಿನಲ್ಲಿ ಶೇ 21ರ ಆಸುಪಾಸಿನಲ್ಲಿತ್ತು. 2019–21ರಲ್ಲಿ ಶೇ 44. ಮೊದಲು ಹೇಳದವರು ಈಗ ಹೇಳಿರಬಹುದು, ನಿಜ. ಆದರೂ ಅಂಥ ಮನೆಗಳಲ್ಲಿ ಬೆಳೆದ ಮಕ್ಕಳು ಇಂದು ಪಿಯು ತರಗತಿಗಳಲ್ಲಿ ಕೂತಿದ್ದಾರೆ. ಏಟು ಮತ್ತು ಪ್ರೀತಿ ಒಂದೇ ಕೈಯಿಂದ ಬರುವುದನ್ನು ನೋಡಿಯೇ ದೊಡ್ಡವರಾದವರು. ಈಗ ಕೈ ಹಾಕದಿದ್ದರೆ ಮುಂದಿನ ಸಮೀಕ್ಷೆಗಳ ಅಂಕಿಗಳಲ್ಲಿ ಇವರೇ ಇರುತ್ತಾರೆ.

ಇದನ್ನು ಓದುತ್ತಿರುವ ಹುಡುಗಿಗೆ, ಹುಡುಗನಿಗೆ: 18 ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಹಗಲಿರಲಿ ರಾತ್ರಿಯಿರಲಿ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಅಮ್ಮಂದಿರಲ್ಲಿ ನನ್ನ ಬೇಡಿಕೆ ಒಂದೇ. ಮಗಳು ಬಾಯಿ ಬಿಡುವವರೆಗೂ ಕಾಯಬೇಡಿ. ‘ಏನೇ ಆಗಿದ್ದರೂ ಹೇಳು, ಕಾಲೇಜು ಬಿಡಿಸುವುದಿಲ್ಲ’ ಎಂದು ಈ ರಾತ್ರಿ ಊಟಕ್ಕೆ ಕೂತಾಗಲೇ ಹೇಳಿ. ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ.