ಕಾರ್ಡಿನ ಬಾಕಿ, ಕೋರ್ಟಿನ ತಾರೀಖು

ಕೋರ್ಟಿನ ಬೇಲಿಫ್ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಸಾಲ ಮಾಡಿದವನು ಮನೆಯಲ್ಲಿ ಇರುವುದು ಕಡಿಮೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ದುಧನಿಯಲ್ಲೋ ಮೈಂದರ್ಗಿಯಲ್ಲೋ ಇರುವ ಒಂದು ಮನೆಯನ್ನು ನೆನೆಸಿಕೊಳ್ಳಿ. ಮಗ ಸೊಲ್ಲಾಪುರದಿಂದ ಚಾದರದ ಲೋಡು ಹೇರಿಕೊಂಡು ಲಾರಿಯ ಮೇಲೆ ಹೋಗಿ ವಾರವಾಗಿದೆ. ಮನೆಯಲ್ಲಿದ್ದ ತಾಯಿ ಕಾಗದ ತೆಗೆದುಕೊಂಡು, ಬೇಲಿಫ್ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಕಾಗದದ ಮೇಲೆ ಕೋರ್ಟಿನ ಮೊಹರು, ದಾವೆಯ ನಂಬರು, ‘ವಾದಿ’ ಎಂದು ಬ್ಯಾಂಕಿನ ಹೆಸರು, ‘ಪ್ರತಿವಾದಿ’ ಎಂದು ಮಗನ ಹೆಸರು, ಕೆಳಗೊಂದು ತಾರೀಖು. ಬರಹ ಮರಾಠಿ, ಇಲ್ಲವೆ ಇಂಗ್ಲಿಷು. ಮನೆಯ ಮಾತು ಕನ್ನಡ. ರಾತ್ರಿ ಫೋನಿನಲ್ಲಿ ಮಗ, ‘ಇರಲಿ ಬಿಡವ್ವ, ನಾ ಏನ್ ಸಹಿ ಮಾಡಿಲ್ಲಲ್ಲ’ ಎನ್ನುತ್ತಾನೆ. ಕಾಗದ ದೇವರ ಫೋಟೋದ ಹಿಂದೆ ಸೇರುತ್ತದೆ. ಅವನ ಲೆಕ್ಕ ತಪ್ಪು. ಪ್ರತಿವಾದಿ ಮನೆಯಲ್ಲಿಲ್ಲ, ಬೇಗ ಸಿಗುವಂತೆಯೂ ಇಲ್ಲ ಎಂದಾದರೆ, ಅವನ ಜೊತೆ ವಾಸವಾಗಿರುವ ವಯಸ್ಕ ಕುಟುಂಬದವರಿಗೆ ಕೊಟ್ಟ ಸಮನ್ಸ್ ಅವನಿಗೇ ಕೊಟ್ಟಂತೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಯಾರೂ ತೆಗೆದುಕೊಳ್ಳಲು ಒಪ್ಪದಿದ್ದರೆ ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಹೋಗಲೂ ಅವಕಾಶವಿದೆ. ತಾಯಿಯ ಹೆಬ್ಬೆಟ್ಟು ಬಿದ್ದ ದಿನವೇ ಮಗನ ಗಡುವು ಶುರುವಾಗಿದೆ.

ಕ್ರೆಡಿಟ್ ಕಾರ್ಡಿನ ಬಾಕಿಯಿಂದ ಮನೆ ಹಾಳಾಯಿತು ಎನ್ನುವವರು ಸಾಮಾನ್ಯವಾಗಿ ಬಡ್ಡಿಯನ್ನು ಬೈಯುತ್ತಾರೆ. ಬೈಯುವುದು ಸರಿಯೇ. ಆದರೆ ವಿಷಯ ಕೋರ್ಟಿಗೆ ಬಂದ ಮೇಲೆ ಬಡ್ಡಿಗಿಂತ ದೊಡ್ಡ ನಷ್ಟ ಮಾಡುವುದು ತಪ್ಪಿಸಿದ ತಾರೀಖು. ಸಾಲಗಾರನ ರಕ್ಷಣೆಗೆಂದು ನಮ್ಮ ಕಾನೂನಿನಲ್ಲಿ ಇರುವುದು ಕಡಿಮೆಯೇನಲ್ಲ; ಆದರೆ ಅದರ ಬಹುಪಾಲು ಅವನು ಎದುರು ಬಂದು ಕೇಳಿದರೆ ಮಾತ್ರ ಕೈಗೆ ಸಿಗುತ್ತದೆ. ಸಾಧಾರಣ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿದರೆ ಕೋರ್ಟು ಅದನ್ನು 90 ದಿನದವರೆಗೆ ಬೆಳೆಸಬಹುದು. ಬ್ಯಾಂಕು ‘ಸಮರಿ ಸೂಟ್’, ಅಂದರೆ ಸಂಕ್ಷಿಪ್ತ ವಿಚಾರಣೆಯ ದಾವೆ, ಹಾಕಿದ್ದರೆ ಹಾಜರಿ ಹಾಕಲು ಇರುವುದು 10 ದಿನ ಮಾತ್ರ. ಈ ಗಡುವು ಮೀರಿ, ತಾರೀಖಿಗೂ ಯಾರೂ ಹೋಗದಿದ್ದರೆ ದಾವೆ ಏಕಪಕ್ಷೀಯವಾಗಿ ನಡೆಯುತ್ತದೆ. ಮರಾಠಿ ಕಾಗದಗಳಲ್ಲಿ ಇದಕ್ಕೆ ‘ಏಕತರ್ಫಿ’ ಎನ್ನುತ್ತಾರೆ. ಬ್ಯಾಂಕು ತನ್ನ ಲೆಕ್ಕದ ಪಟ್ಟಿ ಇಡುತ್ತದೆ, ಅದರ ಅಧಿಕಾರಿ ಪ್ರಮಾಣಪತ್ರ ಕೊಡುತ್ತಾನೆ, ಇಲ್ಲ ಎನ್ನುವವರು ಯಾರೂ ಇರುವುದಿಲ್ಲ. ಡಿಕ್ರಿ ಆಗುತ್ತದೆ. ಅದನ್ನು ರದ್ದು ಮಾಡಿಸಬೇಕೆಂದರೆ ಡಿಕ್ರಿಯಾದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿ, ಬಾರದಿದ್ದುದಕ್ಕೆ ನಂಬುವಂಥ ಕಾರಣ ಕೊಡಬೇಕು. ಸಮನ್ಸ್ ಸರಿಯಾಗಿ ತಲುಪಿಯೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಆ 30 ದಿನ ಡಿಕ್ರಿ ತಿಳಿದ ದಿನದಿಂದ ಎಣಿಕೆಯಾಗುತ್ತದೆ.

ತಪ್ಪಿಸಿದ ತಾರೀಖೇ ದೊಡ್ಡ ನಷ್ಟ ಎಂಬ ಮಾತಿಗೆ ಸಾಕ್ಷಿ ಸೊಲ್ಲಾಪುರದ ನೆಲದಲ್ಲೇ ಇದೆ, ಅದೂ ಕಾರ್ಡು ಹುಟ್ಟುವ ಎಷ್ಟೋ ವರ್ಷ ಮೊದಲಿನದು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮನೆಗಳ ಮೇಲೆ ಬಿದ್ದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಸಿಕ್ಕ ಪತ್ರಗಳನ್ನು ಬೀದಿಯಲ್ಲಿ ಸುಟ್ಟರು. ದಂಗೆ ಅಹ್ಮದನಗರದ ಕಡೆಗೂ ಹಬ್ಬಿತು. ಕಾರಣ ಹುಡುಕಲು ಸರ್ಕಾರ ಒಂದು ಆಯೋಗವನ್ನು ನೇಮಿಸಿತು. ವಿಚಾರಣೆಯಲ್ಲಿ ಕಂಡದ್ದು ಬಡ್ಡಿಯ ಭಾರ ಮಾತ್ರವಲ್ಲ. 1859ರ ಅವಧಿ ಕಾಯ್ದೆ ಸಾಲಪತ್ರದ ಆಯುಷ್ಯವನ್ನು 3 ವರ್ಷಕ್ಕೆ ಇಳಿಸಿತ್ತು. ಇದು ರೈತನಿಗೆ ಒಳ್ಳೆಯದಾಗಬೇಕಿತ್ತು. ಆದರೆ ಸಾವಕಾರ ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡ. ದಾವೆ ಹೂಡಿದಾಗ ರೈತ ಕೋರ್ಟಿಗೆ ಹೋಗುತ್ತಿರಲಿಲ್ಲ. ದೂರ, ಖರ್ಚು, ಭಯ, ಓದಲು ಬಾರದ ಕಾಗದ. ಏಕಪಕ್ಷೀಯ ಡಿಕ್ರಿಗಳು ಸಾಲುಸಾಲಾಗಿ ಆದವು. ಇದನ್ನು ಕಂಡ ಮೇಲೆ 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದು ಮೊದಲು ಜಾರಿಯಾದದ್ದು ನಾಲ್ಕು ಜಿಲ್ಲೆಗಳಲ್ಲಿ: ಪುಣೆ, ಸಾತಾರಾ, ಅಹ್ಮದನಗರ ಮತ್ತು ಸೊಲ್ಲಾಪುರ. ಅಕ್ಕಲಕೋಟೆ ಆಗ ಬೇರೆ ಸಂಸ್ಥಾನವಾದ್ದರಿಂದ ಅದರ ಹೊರಗಿತ್ತು. ಸಾಧ್ಯವಿದ್ದ ಕಡೆಯೆಲ್ಲ ಪ್ರತಿವಾದಿಯನ್ನು ಕರೆಸಿ ಅವನ ಬಾಯಿಂದಲೇ ಕೇಳಬೇಕು, ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೇ ನಂಬದೆ ಮೊದಲ ಕೈಗಡದಿಂದ ಲೆಕ್ಕ ತೆಗೆಯಬೇಕು, ಕಂತು ಕಟ್ಟಿಕೊಡಬಹುದು, ಸಾಲದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕಬಾರದು ಎಂದಿತು ಆ ಕಾಯ್ದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಇದೇ ಕಾಯ್ದೆಯ ಕೆಳಗೆ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಸಾಲಗಾರ ಎದುರಿಗಿಲ್ಲದೆ ಲೆಕ್ಕ ಸರಿಯಾಗುವುದಿಲ್ಲ ಎಂದು ಈ ಜಿಲ್ಲೆಗಳಿಗಾಗಿ ಒಂದು ಕಾನೂನನ್ನೇ ಬರೆಯಬೇಕಾಯಿತು.

ಇಂದಿನ ಕಾರ್ಡು ಸಾಲಗಾರನಿಗೆ ಅಂಥ ವಿಶೇಷ ಕಾಯ್ದೆ ಇಲ್ಲ, ಆದರೆ ಅದರ ಅಂಶಗಳು ಸಾಧಾರಣ ಕಾನೂನಿನಲ್ಲೇ ಹರಡಿಕೊಂಡಿವೆ. ಮೊದಲನೆಯದು ಅವಧಿ. ಕಾರ್ಡಿನ ಬಾಕಿಗೆ ದಾವೆ ಹಾಕಲು ಇರುವುದು ಸಾಮಾನ್ಯವಾಗಿ 3 ವರ್ಷ. ಅವಧಿ ಮುಗಿದ ದಾವೆಯನ್ನು ಯಾರೂ ಹೇಳದಿದ್ದರೂ ಕೋರ್ಟೇ ವಜಾ ಮಾಡಬೇಕು ಎಂದು ಕಾನೂನಿದೆ. ಆದರೆ ‘ನಡುವೆ ಇಂಥ ದಿನ ಹಣ ಕಟ್ಟಿದ್ದಾನೆ, ಸಾಲ ಒಪ್ಪಿ ಬರೆದುಕೊಟ್ಟಿದ್ದಾನೆ’ ಎಂದು ಬ್ಯಾಂಕು ತೋರಿಸಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ, ಅದು ಸುಳ್ಳಾಗಿದ್ದರೆ ಅಲ್ಲಗಳೆಯಲು ಪ್ರತಿವಾದಿಯೇ ಬೇಕು. ಎರಡನೆಯದು ಲೆಕ್ಕ. ತಿಂಗಳಿಗೆ ಶೇ. 3.5 ಬಡ್ಡಿಯ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ ಇದೆ ಎನ್ನೋಣ. ತಿಂಗಳ ಬಡ್ಡಿ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315. ಬಡ್ಡಿಗೆ ಬಡ್ಡಿ ಹಾಕದೆ ಇದ್ದರೂ ಮೂರು ವರ್ಷದಲ್ಲಿ ಒಟ್ಟು ಬಾಕಿ 1,24,340 ಆಗುತ್ತದೆ. ಇದಕ್ಕೆ ತಡವಾದ ದಂಡ ಬೇರೆ. ಈ ದರ ವಿಪರೀತ ಎಂಬ ಒಂದೇ ವಾದ ಹಿಡಿದು ಹೋದರೆ ಗೆಲುವು ಕಷ್ಟ, ಇದನ್ನು ಮುಚ್ಚಿಡಬಾರದು: ಬ್ಯಾಂಕಿನ ಬಡ್ಡಿ ಹೆಚ್ಚಾಯಿತೆಂಬ ಕಾರಣಕ್ಕೆ ಮಾತ್ರ ಕೋರ್ಟು ವ್ಯವಹಾರವನ್ನು ಮತ್ತೆ ತೆರೆಯಬಾರದು ಎಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಹೇಳುತ್ತದೆ. ಶೇ. 30ಕ್ಕಿಂತ ಹೆಚ್ಚಿನ ಕಾರ್ಡು ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಆದರೆ ದರ ಬೇರೆ, ಲೆಕ್ಕ ಬೇರೆ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡು ನಿರ್ದೇಶನ ಸ್ಪಷ್ಟವಾಗಿ ಹೇಳಿದೆ. ಕಟ್ಟಿದ ಕಂತು ಜಮಾ ಆಗಿದೆಯೇ, ಕೇಳದ ವಿಮೆಯ ಹಣ ಸೇರಿದೆಯೇ, ದರ ಒಪ್ಪಿದ ಕಾಗದ ಎಲ್ಲಿದೆ ಎಂದು ಕೇಳಬಹುದು. ದಾವೆ ಹೂಡಿದ ನಂತರದ ಬಡ್ಡಿ ಎಷ್ಟು ಎಂಬುದಂತೂ ಬಹುಮಟ್ಟಿಗೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಂತಿನ ಅವಕಾಶ. ಡಿಕ್ರಿ ಮಾಡುವ ಹೊತ್ತಿನಲ್ಲಿ, ಸಾಕಷ್ಟು ಕಾರಣವಿದ್ದರೆ, ಹಣವನ್ನು ಕಂತುಗಳಲ್ಲಿ ಕಟ್ಟಲು ಕೋರ್ಟು ಆದೇಶಿಸಬಹುದು. ಡಿಕ್ರಿ ಆಗಿಹೋದ ಮೇಲೆ ಇದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು. ಎದುರು ನಿಂತು ಕೇಳಿದ್ದರೆ ಸಿಗಬಹುದಾಗಿದ್ದುದನ್ನು ಮನೆಯಲ್ಲಿ ಕುಳಿತವನು ಆಮೇಲೆ ಬ್ಯಾಂಕಿನ ಕೈಕಾಲು ಹಿಡಿದು ಕೇಳಬೇಕಾಗುತ್ತದೆ.

ಜನ ತಾರೀಖಿಗೆ ಹೋಗದಿರುವುದಕ್ಕೆ ದೊಡ್ಡ ಕಾರಣ ಜೈಲಿನ ಭಯ. ವಸೂಲಿಗೆ ಬರುವವರು ಫೋನಿನಲ್ಲಿ ಪೊಲೀಸು, ವಾರಂಟು ಎಂದು ಹೆದರಿಸಿ ಈ ಭಯವನ್ನು ಬೆಳೆಸುತ್ತಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆಂದು ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕು ಹೇಳಿರುವುದು ಅನೇಕರಿಗೆ ಗೊತ್ತಿಲ್ಲ. ಕಾರ್ಡಿನ ಬಾಕಿ ಸಿವಿಲ್ ವಿಷಯ. ಹಣವಿಲ್ಲದೆ ಕಟ್ಟಲಾಗದವನನ್ನು ಡಿಕ್ರಿಗಾಗಿ ಸೆರೆಯಲ್ಲಿಡುವಂತಿಲ್ಲ. ಹಣವಿದ್ದೂ ಕೆಟ್ಟ ಬುದ್ಧಿಯಿಂದ ತಪ್ಪಿಸಿದ್ದಾನೆ ಎಂದು ತೋರಿಸಬೇಕು ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಜಪ್ತಿಗೂ ಮಿತಿಯಿದೆ. ಮೈಮೇಲಿನ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು ಮತ್ತು ಅವನು ವಾಸವಾಗಿರುವ ಮನೆ, ಭವಿಷ್ಯನಿಧಿ, ಕೂಲಿಕಾರರ ಕೂಲಿ ಇವು ಜಪ್ತಿಗೆ ಸಿಗುವುದಿಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 19,000 ಸಂಬಳವಿದ್ದರೆ 13,000 ಕೈಯಲ್ಲೇ ಉಳಿಯುತ್ತದೆ. ಒಂದು ಕಡೆ ಮಾತ್ರ ನಿಜವಾದ ಎಚ್ಚರ ಬೇಕು. ಸೆಟ್ಲ್‌ಮೆಂಟಿಗೆಂದು ಕೊಟ್ಟ ಚೆಕ್ಕು ಬೌನ್ಸ್ ಆದರೆ, ಅಥವಾ ಖಾತೆಯಿಂದ ತಾನಾಗಿ ಹಣ ಹೋಗಲು ಕೊಟ್ಟ ಒಪ್ಪಿಗೆ ಹಣವಿಲ್ಲದೆ ತಿರಸ್ಕೃತವಾದರೆ, ಅದು ಕ್ರಿಮಿನಲ್ ಪ್ರಕರಣವಾಗಬಹುದು. ಅದರ ಸಮನ್ಸಿಗೆ ಹೋಗದಿದ್ದರೆ ವಾರಂಟು ಬರುವುದು ಸುಳ್ಳಲ್ಲ. ಆದ್ದರಿಂದ ಕಾಗದ ಸಿಕ್ಕ ದಿನವೇ ನೋಡಬೇಕಾದದ್ದು ಅದು ಸಿವಿಲ್ ದಾವೆಯೋ, ಚೆಕ್ಕಿನ ಪ್ರಕರಣವೋ ಎಂಬುದನ್ನು.

ಇದೆಲ್ಲ ಹೇಳುವುದು ಸುಲಭ, ವಕೀಲರ ಫೀಜು ಯಾರು ಕೊಡುತ್ತಾರೆ, ಮರಾಠಿ ಕಾಗದ ಯಾರು ಓದುತ್ತಾರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಮತ್ತು ನಿಗದಿತ ಆದಾಯಕ್ಕಿಂತ ಕಡಿಮೆ ಇರುವವರು ಪುಕ್ಕಟೆ ವಕೀಲರನ್ನು ಕೇಳಬಹುದು. ಮಗ್ಗದವರು, ಬೀಡಿ ಕಟ್ಟುವ ಹೆಂಗಸರು ಇದ್ದಾರಲ್ಲ, ಅವರಿಗೇ ಇದು. ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನು ಮಾಡಬಹುದು. ಭಾಷೆಯ ಕಷ್ಟ ಇದಕ್ಕಿಂತ ಆಳವಾದದ್ದು. ಮಹಾರಾಷ್ಟ್ರದ ಕೆಳಗಿನ ಕೋರ್ಟುಗಳ ಭಾಷೆ ಮರಾಠಿ. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರಿದ್ದಾರೆ. ಇವರಿಗೆ ಸಮನ್ಸಿನ ಜೊತೆ ಒಂದು ಕನ್ನಡ ತಿಳುವಳಿಕೆ ಪತ್ರವಾದರೂ ಸಿಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ಆಗುವವರೆಗೆ ನಾಲ್ಕು ಮಾತು ಗುರುತಿದ್ದರೂ ಸಾಕು: ‘ಕೈಫಿಯತ’ ಎಂದರೆ ಪ್ರತಿವಾದಿ ಕೊಡಬೇಕಾದ ಲಿಖಿತ ಹೇಳಿಕೆ, ‘ಹುಕುಮನಾಮಾ’ ಎಂದರೆ ಡಿಕ್ರಿ, ‘ಹಪ್ತಾ’ ಎಂದರೆ ಕಂತು, ‘ಏಕತರ್ಫಿ’ ಮೇಲೆಯೇ ಹೇಳಿದೆ. ಸಾಕ್ಷಿ ಹೇಳುವಾಗ ಬರೆದುಕೊಂಡದ್ದು ತನಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವ ಹಕ್ಕು ಇದೆ. ಕೇಳಲು ಸಂಕೋಚ ಬೇಡ.

ಬರುವ ಕಾಗದವೆಲ್ಲ ಸಮನ್ಸ್ ಅಲ್ಲ ಎಂಬುದೂ ನಿಜ. ವಾಟ್ಸಾಪಿನಲ್ಲಿ ಕೋರ್ಟಿನ ಮೊಹರು ಅಂಟಿಸಿದ ನಕಲಿ ನೋಟಿಸುಗಳೂ ಬರುತ್ತವೆ. ನಿಜವಾದ ದಾವೆಗೆ 16 ಅಕ್ಷರ ಅಂಕಿಗಳ ಸಿಎನ್ಆರ್ ನಂಬರು ಇರುತ್ತದೆ. ಇಕೋರ್ಟ್ಸ್ ಆ್ಯಪಿನಲ್ಲಿ ಅದನ್ನೋ ಪಕ್ಷಗಾರನ ಹೆಸರನ್ನೋ ಹಾಕಿದರೆ ಪ್ರಕರಣ ಇದೆಯೋ ಇಲ್ಲವೋ ತಿಳಿಯುತ್ತದೆ. ದಾವೆಗೆ ಮೊದಲೇ ಬರುವ ಲೋಕ ಅದಾಲತ್ತಿನ ನೋಟಿಸು ರಾಜಿಗೆ ಕರೆ ಅಷ್ಟೇ. ಹೋಗದಿದ್ದರೆ ಡಿಕ್ರಿ ಆಗದು. ಹೋಗಿ ಸಹಿ ಹಾಕಿದರೆ ಮಾತ್ರ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲಾಗದ ಮೊತ್ತಕ್ಕೆ ಅಲ್ಲಿ ತಲೆಯಾಡಿಸಬಾರದು. ಮಧ್ಯಸ್ಥಗಾರರಿಂದ ಬಂದ ಕಾಗದವನ್ನು ಕೋರ್ಟಿನದಲ್ಲವೆಂದು ಎಸೆಯುವುದೂ ತಪ್ಪು, ಅವರ ತೀರ್ಪು ಕೂಡ ಡಿಕ್ರಿಯಂತೆಯೇ ಜಾರಿಯಾಗುತ್ತದೆ.

ಇನ್ನೊಂದು ಆಕ್ಷೇಪ ನೀತಿಯದು. ಸಾಲ ಮಾಡಿ ಸಾಮಾನು ತಂದವನಿಗೆ ಕೋರ್ಟಿನಲ್ಲಿ ವಾದ ಹೇಳಿಕೊಡುವುದು ಸಾಲ ಮುಳುಗಿಸುವ ಪಾಠವಲ್ಲವೇ ಎಂದು. ತೆಗೆದುಕೊಂಡದ್ದನ್ನು ತಿರುಗಿ ಕೊಡಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಾಲ ಮುಳುಗಿಸಬೇಕೆಂದವನು ಕೋರ್ಟಿಗೆ ಹೋಗುವುದಿಲ್ಲ, ವಿಳಾಸ ಬದಲಿಸುತ್ತಾನೆ. ತಾರೀಖಿಗೆ ಬಂದು ‘ಇಷ್ಟು ನನ್ನದು, ಇಷ್ಟು ನನ್ನದಲ್ಲ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ’ ಎನ್ನುವವನು ಸಾಲ ಒಪ್ಪಿದವನೇ. ಬ್ಯಾಂಕಿಗೂ ಅವನಿಂದ ಹಣ ಬರುವ ಸಂಭವ ಹೆಚ್ಚು. ಎಷ್ಟು ಕೊಡಬೇಕು ಎಂದು ಕೇಳುವುದು ಕೊಡುವುದಿಲ್ಲ ಎಂದಂತೆ ಅಲ್ಲ; 1879ರ ಕಾಯ್ದೆ ಲೆಕ್ಕವನ್ನು ಮೊದಲಿನಿಂದ ತೆಗೆಯಿರಿ ಎಂದಾಗಲೂ ನಿಜವಾದ ಸಾಲವನ್ನು ಮನ್ನಾ ಮಾಡಿರಲಿಲ್ಲ.

ರಾಜಿಯಾಗಿ ಹಣ ಕಟ್ಟಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಜನ ಹೆಚ್ಚಾಗಿ ಮರೆಯುವುದು ಇದನ್ನೇ. ಡಿಕ್ರಿಯಾದ ನಂತರ ಕೋರ್ಟಿನ ಹೊರಗೆ ಬ್ಯಾಂಕಿಗೆ ಹಣ ಕೊಟ್ಟರೆ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ಬ್ಯಾಂಕು ತಾನಾಗಿ ತಿಳಿಸದಿದ್ದರೆ ಕಟ್ಟಿದವನೇ 30 ದಿನದೊಳಗೆ ಅರ್ಜಿ ಕೊಡಬೇಕು. ದಾಖಲಾಗದ ಪಾವತಿಯನ್ನು ಡಿಕ್ರಿ ಜಾರಿ ಮಾಡುವ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತು ಡಿಕ್ರಿಗೆ 12 ವರ್ಷ ಆಯುಷ್ಯ. ರಸೀದಿ, ಬಾಕಿ ಇಲ್ಲವೆಂಬ ಬ್ಯಾಂಕಿನ ಪತ್ರ, ಪಾವತಿ ದಾಖಲಾದ ಕೋರ್ಟಿನ ಆದೇಶದ ಪ್ರತಿ, ಈ ಮೂರನ್ನೂ ಒಂದೇ ಚೀಲದಲ್ಲಿಟ್ಟು, ಎಲ್ಲಿದೆ ಎಂದು ಹೆಬ್ಬೆಟ್ಟು ಒತ್ತಿದ ಆ ತಾಯಿಗೂ ಹೇಳಿಡಬೇಕು. ಮುಂದೆ ಯಾವಾಗಲೋ ಬೇಲಿಫ್ ಮತ್ತೆ ಬಂದರೆ ಬಾಗಿಲು ತೆರೆಯುವವಳು ಅವಳೇ.