ಹೊರಗೆ ಒಂದು ಹನಿಯೂ ಇಲ್ಲ, ಕೂಲೆಂಟ್ ಮಾತ್ರ ಖಾಲಿ: ಟರ್ಬೊ ಗಾಡಿಯ ಒಳಸೋರಿಕೆ ಪತ್ತೆ ಹಚ್ಚೋದು ಹೇಗೆ?

ಹೆಡ್ ಇಳಿಸುವ ಮುಂಚೆ ಈ ಪರೀಕ್ಷೆಗಳನ್ನು ಮಾಡಿಸಿ. ಅನಗತ್ಯ ಖರ್ಚು ಉಳಿಸಿ

ಹಾಸನ: ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ ಬಾಟಲ್‌ನಲ್ಲಿ ಮಟ್ಟ ಇಳಿದಿರುತ್ತದೆ. ಗಾಡಿ ನಿಂತಿದ್ದ ಜಾಗ ನೋಡಿದರೆ ನೆಲ ಒಣಗಿದೆ. ಹೋಸ್ ಪೈಪ್ ಸರಿ ಇದೆ, ರೇಡಿಯೇಟರ್ ಸರಿ ಇದೆ. ಅರ್ಧ ಲೀಟರ್ ಸುರಿದು ಹೊರಟರೆ ವಾರದೊಳಗೆ ಮತ್ತೆ ಅದೇ ಕಥೆ.

ಹಾಸನದ ಆಲೂಗಡ್ಡೆ, ಅರಸೀಕೆರೆಯ ಕೊಬ್ಬರಿ ಹೊತ್ತು ಓಡಾಡುವ ಪಿಕಪ್ ಇರಲಿ, ಮನೆ ಮಂದಿಯನ್ನು ಕರೆದುಕೊಂಡು ಹೋಗುವ ಡೀಸೆಲ್ ಕಾರ್ ಇರಲಿ, ಈ ಲಕ್ಷಣ ಕಂಡಾಗ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ನೀರು ಸುರಿದುಕೊಂಡು ಓಡಿಸ್ತಾನೇ ಇರ್ತಾರೆ, ಇಲ್ಲವೇ ಯಾರೋ 'ಗ್ಯಾಸ್ಕೆಟ್ ಹೋಗಿದೆ' ಅಂದ ಕೂಡಲೇ ಹೆಡ್ ಇಳಿಸೋಕೆ ಒಪ್ತಾರೆ. ಮೊದಲನೆಯದರಲ್ಲಿ ಎಂಜಿನ್ನೇ ಹೋಗಬಹುದು. ಎರಡನೆಯದರಲ್ಲಿ ಹೆಡ್ ಕೆಲಸದ ಬಿಲ್ ಕಟ್ಟಿದ ಮೇಲೂ ಕೂಲೆಂಟ್ ಕಮ್ಮಿ ಆಗ್ತಾನೇ ಇರಬಹುದು. ಯಾಕೆಂದರೆ ಒಳಗೆ ಸೋರುವ ಜಾಗ ಗ್ಯಾಸ್ಕೆಟ್ ಒಂದೇ ಅಲ್ಲ.

ಟರ್ಬೊ ಇದ್ದರೆ ಯಾಕೆ ಹೆಚ್ಚು ಎಚ್ಚರ?

ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ ಎರಡು ಬಗೆ. ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸದಿಂದ ತಿರುಗೋದು ಟರ್ಬೊ. ಎಂಜಿನ್ನಿನ ಬೆಲ್ಟ್‌ನಿಂದ ತಿರುಗೋದು ಸೂಪರ್‌ಚಾರ್ಜರ್. ನಮ್ಮ ರಸ್ತೆಯಲ್ಲಿ ಸೂಪರ್‌ಚಾರ್ಜರ್ ಕಾಣಸಿಗೋದು ಕೆಲವು ದುಬಾರಿ ಕಾರುಗಳಲ್ಲಿ ಮಾತ್ರ. ಈಗಿನ ಡೀಸೆಲ್ ಕಾರ್, ಪಿಕಪ್‌ಗಳಲ್ಲಿ ಟರ್ಬೊ ಇದ್ದೇ ಇರುತ್ತದೆ. ಎರಡರ ಕೆಲಸವೂ ಒಂದೇ: ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಜೊತೆಗೆ ಸಿಲಿಂಡರ್ ಒಳಗೆ ಹೆಚ್ಚು ಒತ್ತಡ.

ಈಗಿನ ಟರ್ಬೊ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿಯುವ ಕ್ಷಣದ ಒತ್ತಡ 150 ಬಾರ್ ದಾಟುವುದೂ ಉಂಟು. ಪಕ್ಕದಲ್ಲೇ ಹರಿಯುವ ಕೂಲೆಂಟ್‌ನ ಒತ್ತಡ ಹೆಚ್ಚುಕಡಿಮೆ 1 ಬಾರ್. ಇವೆರಡನ್ನೂ ಬೇರ್ಪಡಿಸಿರೋದು ಒಂದು ತೆಳುವಾದ ಹೆಡ್ ಗ್ಯಾಸ್ಕೆಟ್. ಅದರಲ್ಲಿ ಕೂದಲಿನಷ್ಟು ದಾರಿ ಆದರೂ ಸಾಕು, ಲೋಡ್ ಹೊತ್ತು ಶಿರಾಡಿ ಘಾಟ್ ಏರುವಾಗ ಉರಿದ ಗ್ಯಾಸ್ ಕೂಲೆಂಟ್‌ಗೆ ನುಗ್ಗುತ್ತದೆ. ಊರೊಳಗೆ ಖಾಲಿ ಓಡಾಡುವಾಗ ಏನೂ ಕಾಣೋದಿಲ್ಲ. 'ಗ್ಯಾರೇಜ್‌ಗೆ ತಂದಾಗ ಸರಿ ಇರುತ್ತೆ, ಘಾಟಿಯಲ್ಲಿ ಮಾತ್ರ ಹೀಟ್ ಆಗುತ್ತೆ' ಎಂಬ ದೂರಿಗೆ ಇದೂ ಒಂದು ಕಾರಣ.

ಎಂಜಿನ್ ಆಫ್ ಮಾಡಿದ ಮೇಲೆ ಆಟ ತಿರುಗಿಬೀಳುತ್ತದೆ. ಸಿಲಿಂಡರ್‌ನಲ್ಲಿ ಒತ್ತಡ ಇರೋದಿಲ್ಲ, ಬಿಸಿ ಕೂಲೆಂಟ್‌ನಲ್ಲಿ ಇನ್ನೂ ಇರುತ್ತದೆ. ಆಗ ಅದೇ ದಾರಿಯಲ್ಲಿ ಕೂಲೆಂಟ್ ಸಿಲಿಂಡರ್‌ಗೆ ಹನಿಹನಿಯಾಗಿ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸ್ವಲ್ಪ ಹೊತ್ತು ನಡುಗಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಹೋಗೋದು ಇದಕ್ಕೇ.

ಕೂಲೆಂಟ್ ಹೋಗುವ ದಾರಿಗಳು

* ಸಿಲಿಂಡರ್ ಒಳಗೆ: ಹೆಡ್ ಗ್ಯಾಸ್ಕೆಟ್ ಸೋತಿರಬಹುದು ಅಥವಾ ಹೆಡ್ಡೇ ಬಿರುಕು ಬಿಟ್ಟಿರಬಹುದು.
* ಎಂಜಿನ್ ಆಯಿಲ್‌ಗೆ: ಗ್ಯಾಸ್ಕೆಟ್ ಜೊತೆಗೆ ಆಯಿಲ್ ಕೂಲರ್ ಕೂಡ ಕಾರಣ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಲೈನರ್ ಕೆಳಗಿನ ರಬ್ಬರ್ ರಿಂಗ್.
* ಇಜಿಆರ್ ಕೂಲರ್ ಮೂಲಕ: ಸೈಲೆನ್ಸರ್‌ಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ತಣ್ಣಗೆ ಮಾಡಿ ಮತ್ತೆ ಎಂಜಿನ್‌ಗೆ ಕಳಿಸುವ ಭಾಗ ಇದು. ಒಳಗಿನ ನಳಿಕೆ ಸೀಳಿದರೆ ಕೂಲೆಂಟ್ ಹೊಗೆ ಜೊತೆ ಸೇರಿ ಆವಿಯಾಗಿ ಹೋಗುತ್ತದೆ.
* ಗಾಳಿ ದಾರಿಗೆ: ಹಲವು ಸೂಪರ್‌ಚಾರ್ಜರ್ ಕಾರುಗಳಲ್ಲಿ, ಕೆಲವು ಟರ್ಬೊ ಕಾರುಗಳಲ್ಲಿ ಇಂಟರ್‌ಕೂಲರನ್ನು ತಂಪಾಗಿಡೋದು ಕೂಲೆಂಟೇ. ಅದು ಸೋರಿದರೆ ನೀರು ನೇರ ಎಂಜಿನ್ನಿನ ಬಾಯಿಗೆ.

ಇಷ್ಟೇ ಅಲ್ಲ, ಗಾಡಿ ಒಳಗಿನ ಹೀಟರ್ ಕೂಡ ಸೋರಬಹುದು. ಮುಂದಿನ ಸೀಟಿನ ಕೆಳಗೆ ಮ್ಯಾಟ್ ಅಂಟಂಟಾಗಿ ಒದ್ದೆಯಾಗಿದ್ದರೆ, ಗಾಜಿಗೆ ಜಿಡ್ಡು ಮಂಜು ಕಟ್ಟಿದರೆ ಅಲ್ಲಿ ನೋಡಬೇಕು. ವಾಟರ್ ಪಂಪ್‌ನಿಂದ ಸೋರಿದ ಕೂಲೆಂಟ್ ಬಿಸಿ ಎಂಜಿನ್ ಮೇಲೆಯೇ ಒಣಗಿ, ನೆಲಕ್ಕೆ ಬೀಳದೆ ಬಣ್ಣದ ಕಲೆ ಮಾತ್ರ ಉಳಿಸುವುದೂ ಇದೆ. ಇವೆರಡೂ ಒಳಸೋರಿಕೆ ಅಲ್ಲ. ಕಮ್ಮಿ ಖರ್ಚಿನ ರಿಪೇರಿ. ಅದಕ್ಕೇ ಹೊರಗಿನದ್ದನ್ನು ಮೊದಲು ಪೂರ್ತಿ ನೋಡಿ ಮುಗಿಸಬೇಕು.

ಮನೆ ಮುಂದೆ ನೀವೇ ನೋಡಬಹುದಾದದ್ದು

ಎಲ್ಲವನ್ನೂ ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಗಾಡಿ ಸಮತಟ್ಟು ಜಾಗದಲ್ಲಿ ನಿಂತಾಗ ನೋಡಬೇಕು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯಲೇಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯೋದಿಲ್ಲ. ಕ್ಯಾಪ್ ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

1. ಮಟ್ಟ ಬರೆದಿಡಿ. ಬಾಟಲ್ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿ, ತಾರೀಕು ಮತ್ತು ಕಿಲೋಮೀಟರ್ ಬರೆಯಿರಿ. ಎಷ್ಟು ಕಿಲೋಮೀಟರಿಗೆ ಎಷ್ಟು ಇಳಿಯಿತು ಅನ್ನೋ ಲೆಕ್ಕ ಮೆಕ್ಯಾನಿಕ್‌ಗೆ ಬಹಳ ಉಪಯೋಗ. ಕೂಲೆಂಟ್ ಬದಲಿಸಿದ ಮೊದಲ ಕೆಲವು ದಿನ ಒಳಗಿನ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿಯೋದು ಸಹಜ.

2. ಆಯಿಲ್ ನೋಡಿ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ, ಅಥವಾ ಮಟ್ಟ ತಾನಾಗೇ ಏರಿದ್ದರೆ, ಗಾಡಿ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗೋದೇ ಕ್ಷೇಮ. ಕೂಲೆಂಟ್ ಸೇರಿದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಆದರೆ ಆಯಿಲ್ ಕ್ಯಾಪ್ ಒಳಗೆ ಮಾತ್ರ ಸ್ವಲ್ಪ ಬೆಳ್ಳನೆ ನೊರೆ ಇದ್ದು ಡಿಪ್‌ಸ್ಟಿಕ್ ಸ್ವಚ್ಛ ಇದ್ದರೆ ಗಾಬರಿ ಬೇಡ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ತೇವಾಂಶದಿಂದಲೂ ಹಾಗಾಗುತ್ತದೆ.

3. ಹೊಗೆ ಗುರುತಿಸಿ. ಚಳಿಗಾಲದ ಬೆಳಿಗ್ಗೆ ಕಾಣುವ ಆವಿ ಎಂಜಿನ್ ಬಿಸಿಯಾದ ಮೇಲೆ ಮಾಯ. ಬಿಸಿಯಾದ ಮೇಲೂ ಬಿಳಿ ಹೊಗೆ ಬರ್ತಿದ್ದು, ಸಿಹಿ ವಾಸನೆ ಇದ್ದರೆ ಕೂಲೆಂಟ್ ಮೇಲೆ ಅನುಮಾನ. ಬಿಳಿ ಹೊಗೆ ಕಣ್ಣುರಿಸಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಕಡೆ ನೋಡಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರೀತಿದೆ. ಅದು ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್ ಕಥೆ.

4. ಹೋಸ್ ಒತ್ತಿ ನೋಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ರೇಡಿಯೇಟರ್ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದು ಬಿಸಿಯಿಂದ ಬಂದ ಒತ್ತಡ ಅಲ್ಲ, ಒಳಗಿಂದ ಗ್ಯಾಸ್ ನುಗ್ಗುತ್ತಿರುವ ಸೂಚನೆ. ಬಾಟಲ್‌ನಲ್ಲಿ ಗುಳ್ಳೆ ನಿಲ್ಲದೆ ಏಳ್ತಿದ್ದರೂ ಅದೇ ಅನುಮಾನ.

ಗ್ಯಾರೇಜ್‌ನಲ್ಲಿ ಯಾವ ಪರೀಕ್ಷೆ ಮೊದಲು?

ಪ್ರೆಷರ್ ಟೆಸ್ಟ್: ತಣ್ಣಗಿನ ಎಂಜಿನ್‌ಗೆ ಕೈಪಂಪ್ ಕೂರಿಸಿ, ಕ್ಯಾಪ್ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಡುತ್ತಾರೆ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಎಲ್ಲೋ ಸೋರ್ತಿದೆ; ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ ಒಳಗೇ. ಸಣ್ಣ ಸೋರಿಕೆ ಐದು ನಿಮಿಷದಲ್ಲಿ ಸಿಗೋದಿಲ್ಲ, ಗಂಟೆಗಟ್ಟಲೆ ಬಿಡಬೇಕಾದೀತು. ಕ್ಯಾಪನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಸ್ಪ್ರಿಂಗ್ ಸೋತ ಕ್ಯಾಪ್‌ನಿಂದಲೂ ಕೂಲೆಂಟ್ ಆವಿಯಾಗಿ ಹೋಗುತ್ತದೆ, ಅದನ್ನು ಬದಲಿಸೋದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ಗ್ಯಾಸ್ ಟೆಸ್ಟ್: ರೇಡಿಯೇಟರ್ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು, ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಉರಿದ ಗ್ಯಾಸ್‌ನಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಕಿದರೆ ನೀಲಿ ಬಣ್ಣ ಹಸಿರು ಅಥವಾ ಹಳದಿಗೆ ತಿರುಗುತ್ತದೆ. ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡುವಾಗ ಈ ಗ್ಯಾಸ್ ಕಮ್ಮಿ. ಹಾಗಾಗಿ ಬಣ್ಣ ಬದಲಾಗಲಿಲ್ಲ ಅಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿ ಇದೆ ಎಂದಲ್ಲ. ಒಂದು ರೌಂಡ್ ಲೋಡ್‌ನಲ್ಲಿ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಪರೀಕ್ಷಿಸೋದು ಒಳ್ಳೆಯದು.

ಇಜಿಆರ್ ಕೂಲರ್ ಬೇರ್ಪಡಿಸುವುದು: ಹಲವರು ಬಿಟ್ಟುಬಿಡುವ ಹಂತ ಇದು. ಸೀಳಿದ ಇಜಿಆರ್ ಕೂಲರ್ ಕೂಡ ಕೂಲೆಂಟ್‌ಗೆ ಹೊಗೆ ಸೇರಿಸಬಲ್ಲದು, ಆಗ ಗ್ಯಾಸ್ ಟೆಸ್ಟ್‌ನಲ್ಲಿ ಬಣ್ಣ ಬದಲಾಗಿ ಗ್ಯಾಸ್ಕೆಟ್ ಮೇಲೆ ಸುಳ್ಳು ಆರೋಪ ಬರುತ್ತದೆ. ಕೂಲರ್‌ಗೆ ಹೋಗುವ ಎರಡು ನೀರಿನ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಮತ್ತೆ ಪ್ರೆಷರ್ ಟೆಸ್ಟ್ ಮಾಡಿದಾಗ ಮುಳ್ಳು ನಿಂತರೆ ಕಳ್ಳ ಸಿಕ್ಕಂತೆ. ಕೂಲರ್ ಬಿಚ್ಚಿ, ಬಾಯಿ ಮುಚ್ಚಿ, ಗಾಳಿ ತುಂಬಿ ನೀರಲ್ಲಿ ಮುಳುಗಿಸಿದರೆ ಪಂಕ್ಚರ್ ಅಂಗಡಿಯಲ್ಲಿ ನೋಡುವಂತೆ ಗುಳ್ಳೆ ಕಾಣುತ್ತದೆ. ಆಯಿಲ್ ಕೂಲರ್‌ಗೂ ಇದೇ ವಿಧಾನ.

ಲೀಕ್ ಡೌನ್ ಮತ್ತು ಕ್ಯಾಮೆರಾ: ಒಂದೊಂದೇ ಸಿಲಿಂಡರ್‌ನ ಪಿಸ್ಟನ್ ಮೇಲೆ ತಂದು, ಗ್ಲೋ ಪ್ಲಗ್ ಅಥವಾ ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಕೊಡುತ್ತಾರೆ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಯಾವ ಸಿಲಿಂಡರ್ ಎಂಬುದೂ ಗೊತ್ತಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದಾಗ ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ, ಅಲ್ಲಿ ನೀರಿನ ಆವಿ ಮಸಿ ತೊಳೆದಿದೆ ಎಂದರ್ಥ.

ಇಷ್ಟರ ಮೇಲೆ ಬೆರಳು ಗ್ಯಾಸ್ಕೆಟ್ ಕಡೆಗೇ ತೋರಿಸಿದರೆ ಮಾತ್ರ ಹೆಡ್ ಇಳಿಸುವ ಮಾತು.

ಮುಂದೂಡಿದರೆ ಏನಾಗುತ್ತದೆ?

ನಾಲ್ಕು ಸಿಲಿಂಡರ್‌ನ 2000 ಸಿಸಿ ಎಂಜಿನ್ ಎಂದುಕೊಳ್ಳಿ. ಒಂದು ಸಿಲಿಂಡರ್‌ಗೆ 500 ಸಿಸಿ. ಕಂಪ್ರೆಷನ್ 16ಕ್ಕೆ 1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್, ಹೋಟೆಲ್‌ನ ಸಣ್ಣ ಟೀ ಲೋಟದ ಅರ್ಧವೂ ಇಲ್ಲ. ರಾತ್ರಿಯೆಲ್ಲ ಸೋರಿ ಅದಕ್ಕಿಂತ ಹೆಚ್ಚು ಕೂಲೆಂಟ್ ಅಲ್ಲಿ ನಿಂತಿತು ಅಂದರೆ, ಬೆಳಿಗ್ಗೆ ಕೀ ತಿರುಗಿಸಿದಾಗ ಪಿಸ್ಟನ್‌ಗೆ ಮೇಲೇರಲು ಜಾಗವೇ ಇಲ್ಲ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗೋದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡುವಾಗ ಎಂಜಿನ್ 'ಟಕ್' ಎಂದು ಅರ್ಧಕ್ಕೆ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ.

ಬೋರ್ ನೀರು, ಸೀಲಿಂಗ್ ಪುಡಿ ಬೇಡ

ಕೂಲೆಂಟ್ ಕಮ್ಮಿ ಆದಾಗಲೆಲ್ಲ ಬೋರ್‌ವೆಲ್ ನೀರು ಸುರಿಯೋದು ರೂಢಿ. ಗಡಸು ನೀರಿನ ಉಪ್ಪು ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುವಂತೆ ಎಂಜಿನ್ ಒಳಗೂ ಕಟ್ಟುತ್ತದೆ. ಕೂಲೆಂಟ್ ನೀರಾಗಿ ತುಕ್ಕು ತಡೆಯುವ ಗುಣವೂ ಹೋಗುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕಂಪನಿ ಹೇಳಿದ ಕೂಲೆಂಟ್ ಬಳಸಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಸೋರಿಕೆ ಮುಚ್ಚುತ್ತದೆ ಎಂದು ಮಾರುವ ಪುಡಿ, ದ್ರವಗಳು ರೇಡಿಯೇಟರ್ ಮತ್ತು ಹೀಟರ್‌ನ ಸಣ್ಣ ದಾರಿಗಳನ್ನೂ ಮುಚ್ಚಬಲ್ಲವು. 150 ಬಾರ್ ಒತ್ತಡದ ಮುಂದೆ ಅವುಗಳ ಆಟ ನಡೆಯೋದಿಲ್ಲ.

ಹೆಡ್ ಇಳಿಸಲೇಬೇಕಾದರೆ ಕೇಳಬೇಕಾದ್ದು

* ಹೆಡ್ ಮತ್ತು ಬ್ಲಾಕ್ ಎರಡೂ ಸಮತಟ್ಟಾಗಿವೆಯೇ ಎಂದು ಪಟ್ಟಿ ಇಟ್ಟು, ಫೀಲರ್ ಗೇಜ್‌ನಿಂದ ನೋಡಿದರಾ?
* ಫೇಸಿಂಗ್‌ಗೆ ಕಳಿಸುವ ಮುಂಚೆ ಹೆಡ್‌ಗೆ ಪ್ರೆಷರ್ ಟೆಸ್ಟ್ ಆಯಿತಾ? ಬಿರುಕು ಇರುವ ಹೆಡ್‌ಗೆ ಫೇಸಿಂಗ್ ಮಾಡಿಸಿದ ದುಡ್ಡು ದಂಡ.
* ಹೆಡ್ ಬೋಲ್ಟ್ ಹೊಸದು ಹಾಕಬೇಕೆಂದು ಕಂಪನಿ ಹೇಳಿದೆಯಾ? ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟ್‌ಗಳನ್ನು ಮತ್ತೆ ಬಳಸುವಂತಿಲ್ಲ.
* ಮೊದಲಿಗೆ ಹೀಟ್ ಆಗಲು ಕಾರಣ ಏನು? ಥರ್ಮೋಸ್ಟಾಟ್, ಫ್ಯಾನ್, ರೇಡಿಯೇಟರ್ ಸರಿಪಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಬೇಗ ಹೋಗುತ್ತದೆ.

ಬಸಿದ ಹಳೇ ಕೂಲೆಂಟನ್ನು ಬಾಣಲಿಯಲ್ಲಿ ತೆರೆದಿಡಬೇಡಿ, ಚರಂಡಿಗೂ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಕ್ಕಳ ಕೈಗೆ ಸಿಗದಂತೆ ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿ, ಹೆಸರು ಬರೆದು, ಗ್ಯಾರೇಜ್‌ಗೇ ವಾಪಸ್ ಕೊಡಿ.